‘ಆಟೋ’ ಬಟನ್ನಿನ ಹಿರಿಯರು

ಆಸ್ಪತ್ರೆಯ ಎಕ್ಸ್-ರೇ ವಿಭಾಗದವರ ಬಾಯಲ್ಲಿ ದಿನವೂ ಕೇಳುವ ಪದ ‘ಬಕಿ’. ಎದೆಯ ಎಕ್ಸ್-ರೇ ತೆಗೆಯಲು ರೋಗಿಯನ್ನು ನಿಲ್ಲಿಸುವ ಸ್ಟ್ಯಾಂಡಿಗೂ ಅದೇ ಹೆಸರು. ಅದು ಒಬ್ಬ ಮನುಷ್ಯನ ಹೆಸರು ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಚದುರಿದ ಕಿರಣಗಳನ್ನು ತಡೆದು ಚಿತ್ರವನ್ನು ಸ್ಪಷ್ಟಗೊಳಿಸುವ ಜಾಲರಿಯನ್ನು 1913ರಲ್ಲಿ ರೂಪಿಸಿದವರು ಜರ್ಮನ್ ವೈದ್ಯ ಗುಸ್ತಾವ್ ಬಕಿ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ನ್ಯೂಯಾರ್ಕಿನಲ್ಲಿ ನೆಲೆಸಿದರು. ನಮ್ಮ ಫೋನಿನಲ್ಲಿ ಫೋಟೋ ತಿದ್ದುವ ‘ಆಟೋ’ ಬಟನ್ನಿಗೆ ವಂಶವೃಕ್ಷ ಬರೆದರೆ ಇವರ ಹೆಸರು ಅದರಲ್ಲಿ ಇರಲೇಬೇಕು.

ಪಕ್ಕದ ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿದ್ದ ಅವರ ಗೆಳೆಯ ಬೇರೆ ಯಾರೂ ಅಲ್ಲ, ಆಲ್ಬರ್ಟ್ ಐನ್‌ಸ್ಟೈನ್. ಇಬ್ಬರೂ ಸೇರಿ, ಬೆಳಕಿಗೆ ತಾನೇ ಹೊಂದಿಕೊಳ್ಳುವ ಕ್ಯಾಮೆರಾಕ್ಕೆ 1936ರ ಅಕ್ಟೋಬರ್ 27ರಂದು ಅಮೆರಿಕದ ಪೇಟೆಂಟ್ ಪಡೆದರು. ಬೆಳಕು ಬಿದ್ದಾಗ ವಿದ್ಯುತ್ ಹುಟ್ಟಿಸುವ ಒಂದು ಕೋಶ. ಆ ವಿದ್ಯುತ್ತಿನ ಬಲದಿಂದ ಲೆನ್ಸಿನ ಮುಂದೆ ಸರಿಯುವ ಒಂದು ಪರದೆ. ಪರದೆ ಒಂದು ಕಡೆ ತಿಳಿ, ಇನ್ನೊಂದು ಕಡೆ ಗಾಢ. ಬಿಸಿಲು ಹೆಚ್ಚಾದರೆ ಗಾಢ ಭಾಗ ಅಡ್ಡ ಬರುತ್ತದೆ. ಕೈ ಹಾಕುವ ಕೆಲಸವೇ ಇಲ್ಲ. ಅಂದಹಾಗೆ, ಐನ್‌ಸ್ಟೈನರಿಗೆ 1921ರ ನೊಬೆಲ್ ಬರಲು ಮುಖ್ಯ ಕಾರಣ ಸಾಪೇಕ್ಷತೆ ಅಲ್ಲ. ಬೆಳಕು ಮತ್ತು ವಿದ್ಯುತ್ತಿನ ನಂಟು ವಿವರಿಸಿದ ನಿಯಮ.

ಇದಕ್ಕೂ ನಾಲ್ಕು ವರ್ಷ ಮೊದಲು, 1932ರಲ್ಲಿ, ಅದೇ ನ್ಯೂಜೆರ್ಸಿಯ ನ್ಯೂವಾರ್ಕಿನ ವೆಸ್ಟನ್ ಕಂಪನಿ ಸೆಲೆನಿಯಂ ಕೋಶದ ಬೆಳಕಿನ ಮೀಟರನ್ನು ಮಾರಾಟಕ್ಕೆ ತಂದಿತ್ತು. ಬ್ಯಾಟರಿ ಬೇಡ, ಬೆಳಕೇ ಮುಳ್ಳನ್ನು ಆಡಿಸುತ್ತದೆ. ಅಲ್ಲಿಯವರೆಗೆ ಫೋಟೋಗ್ರಾಫರನಿಗೆ ಕಣ್ಣಂದಾಜು ಮತ್ತು ಅನುಭವವೇ ದೊಡ್ಡ ಆಸರೆ. 1938ರಲ್ಲಿ ಕೊಡಕ್ ಕಂಪನಿ ತಾನೇ ಬೆಳಕು ಹೊಂದಿಸಿಕೊಳ್ಳುವ ‘ಸೂಪರ್ ಸಿಕ್ಸ್-20’ ಕ್ಯಾಮೆರಾವನ್ನು ಅಂಗಡಿಗೆ ತಂದಿತು. ಬೆಲೆ 225 ಡಾಲರ್, ಆ ಕಾಲಕ್ಕೆ ದುಡಿಯುವವರ ಕೈಗೆ ಎಟುಕದ ದುಡ್ಡು.

ಈ ಮೀಟರುಗಳಿಗೆಲ್ಲ ಹುಟ್ಟಿನಿಂದಲೇ ಒಂದು ಕುರುಡು. ಎದುರಿಗಿರುವುದು ಮುಖವೋ ಗೋಡೆಯೋ ಅವಕ್ಕೆ ತಿಳಿಯದು. ಎಲ್ಲ ದೃಶ್ಯವೂ ಸರಾಸರಿಯಲ್ಲಿ ನಡುಬೂದು ಬಣ್ಣ ಎಂದು ಅವು ನಂಬುತ್ತವೆ. ನಮ್ಮ ಔಷಧಿ ಕೌಂಟರಿನ ಭಾಷೆಯಲ್ಲಿ ಹೇಳುವುದಾದರೆ, ಬಂದ ರೋಗಿಗಳಿಗೆಲ್ಲ ದೊಡ್ಡವರ ಡೋಸನ್ನೇ ಕೊಟ್ಟ ಹಾಗೆ. ಎಷ್ಟೋ ಜನಕ್ಕೆ ಸರಿಹೋಗುತ್ತದೆ, ಮಗುವಿಗೆ ಹೋಗುವುದಿಲ್ಲ.

ಗಲ್ಫಿನ ಬಿಸಿಲಿನಲ್ಲಿ ಇದನ್ನು ದಿನವೂ ನೋಡುತ್ತೇವೆ. ಬಿಳಿ ಗೋಡೆ, ಹೊಳೆಯುವ ಮರಳು, ಪಕ್ಕದಲ್ಲಿ ಬಿಳಿ ಕಂದೂರ ಉಟ್ಟ ಗೆಳೆಯ. ಮೀಟರು ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ, ನಮ್ಮ ಮುಖ ಮಸಿಯಾಗುತ್ತದೆ. ಊರಲ್ಲಿ ಅಮ್ಮ ಫೋಟೋ ನೋಡಿ, ‘ಎಷ್ಟು ಕಪ್ಪಾಗಿದ್ದೀಯಾ ಮಗಾ, ಬಿಸಿಲಲ್ಲೇ ಕೆಲಸವಾ?’ ಎಂದು ಕಣ್ಣೀರು ಹಾಕುತ್ತಾಳೆ.

ಪ್ರಿಂಟು ಹಾಕುವ ಲ್ಯಾಬುಗಳ ಕಥೆ ಇನ್ನೂ ಕಹಿ. ಬಣ್ಣ ಸರಿಯಿದೆಯೇ ಎಂದು ನೋಡಲು ಕೊಡಕ್ ಕೊಡುತ್ತಿದ್ದ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಆಕೆಯ ಚರ್ಮ ಸರಿ ಬಂದರೆ ಪ್ರಿಂಟೇ ಸರಿ. ಕಂದು ಬಣ್ಣದ ಸೂಕ್ಷ್ಮಗಳು ಫಿಲ್ಮಿನಲ್ಲಿ ಸರಿಯಾಗಿ ಬರುತ್ತಿಲ್ಲ ಎಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡುವವರು ಹೇಳಿದಾಗ ಎಂದು ಅಲ್ಲಿ ದುಡಿದವರೇ ಮುಂದೆ ಹೇಳಿದ್ದಾರೆ. ನಮ್ಮಂಥವರ ಮುಖಕ್ಕಿಂತ ಚಾಕೊಲೇಟಿಗೆ ಬೆಲೆ ಹೆಚ್ಚಿತ್ತು!

ಫಿಲ್ಮನ್ನು ಮೂಲೆಗೆ ಸರಿಸಿದ ವಿದ್ಯೆಯೂ ನ್ಯೂಜೆರ್ಸಿಯದೇ. 1969ರಲ್ಲಿ ಮರ್ರೆ ಹಿಲ್ಲಿನ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಚಿಪ್ಪನ್ನು ರೂಪಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಬೆಳಕನ್ನು ಅಂಕಿಗಳಾಗಿ ಇಟ್ಟುಕೊಳ್ಳುವ ದಾರಿ ಅಲ್ಲಿಂದ ತೆರೆಯಿತು. ಸಾಮಾನ್ಯ ಫೋಟೋದಲ್ಲಿ ಕಡುಗಪ್ಪು 0, ಅಚ್ಚ ಬಿಳಿ 255. ‘ಆಟೋ’ ಒತ್ತಿದಾಗ ಸಾಫ್ಟ್‌ವೇರ್ ಸಾಮಾನ್ಯವಾಗಿ ಅತಿ ಕಪ್ಪನ್ನು ಆ ತುದಿಗೆ, ಅತಿ ಬಿಳಿಯನ್ನು ಈ ತುದಿಗೆ ಎಳೆದು, ಉಳಿದದ್ದನ್ನು ನಡುವಿನ ಕಡೆಗೆ ತರುತ್ತದೆ. ಹಳೆಯ ನಡುಬೂದಿನ ನಂಬಿಕೆಯೇ ಅಂಕಿಯ ವೇಷ ಹಾಕಿಕೊಂಡಿದೆ.

ನನ್ನ ಅಪ್ಪ ಗದ್ದೆಯಲ್ಲಿ ದುಡಿದವರು, ಎಣ್ಣೆಗಪ್ಪು ಬಣ್ಣ. ಅವರು ತೀರಿಕೊಂಡ ಮೇಲೆ ಹಾರ ಹಾಕಲೆಂದು ಹಳೆಯ ಫೋಟೋದಿಂದ ಮುಖವನ್ನಷ್ಟೇ ಕತ್ತರಿಸಿ ‘ಆಟೋ’ ಒತ್ತಿದರೆ, ಚೌಕಟ್ಟಿನ ತುಂಬ ಕಪ್ಪೇ ಇದ್ದುದರಿಂದ ಅದು ಎತ್ತಿ ಎತ್ತಿ ಬೂದಿ ಬಳಿದ ಹಾಗೆ ಮಾಡಿತು. ಬಿಳಿ ಗೋಡೆ ಸೇರಿಸಿ ಒತ್ತಿದರೆ ಮುಖ ಇನ್ನಷ್ಟು ಕತ್ತಲೆ. ಎರಡರಲ್ಲೂ ಅಪ್ಪ ಇರಲಿಲ್ಲ. ಕೊನೆಗೆ ತಂಗಿ ಮುಖ ನೋಡುತ್ತಾ ಹೇಳಿದ ಹಾಗೆ ಕೈಯಲ್ಲೇ ಸ್ವಲ್ಪ ಸ್ವಲ್ಪ ಸರಿಸಿ ಪ್ರಿಂಟಿಗೆ ಕೊಟ್ಟೆವು.

ಈಗಿನ ಫೋನುಗಳು ಮುಖವನ್ನು ಗುರುತಿಸುತ್ತವೆ. 2021ರಲ್ಲಿ ಗೂಗಲ್ ಕಂದು, ಕಪ್ಪು ಚರ್ಮ ನಿಜದ ಬಣ್ಣದಲ್ಲೇ ಬರಲೆಂದು ‘ರಿಯಲ್ ಟೋನ್’ ತಂದಿತು. ಆದರೂ ಬಿಸಿಲಲ್ಲಿ ತೆಗೆಯುವಾಗ ಪರದೆಯ ಮೇಲೆ ಮುಖವನ್ನೇ ಬೆರಳಿನಿಂದ ಮುಟ್ಟಿ, ಬೆಳಕನ್ನು ಅದಕ್ಕೆ ಹೊಂದಿಸಿ. ಹಿಂದಿನ ಗೋಡೆ ಬೆಳ್ಳಗಾದರೆ ಆಗಲಿ. ಮುಖ 255ಕ್ಕೆ ಮುಟ್ಟದಂತೆ ಮಾತ್ರ ನೋಡಿಕೊಳ್ಳಿ. ಕತ್ತಲೆಯಲ್ಲಿ ಉಳಿದದ್ದನ್ನು ಆಮೇಲೆ ಸ್ವಲ್ಪ ಮೇಲೆತ್ತಬಹುದು, ಪೂರ್ತಿ ಬಿಳಿಯಾದ ಕಡೆ ಎತ್ತಲು ಏನೂ ಉಳಿದಿರುವುದಿಲ್ಲ. ತಿದ್ದುವ ಮೊದಲು ಮೂಲ ಫೋಟೋದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ವಾಟ್ಸ್ಯಾಪಿನಲ್ಲಿ ಹೋದದ್ದು ಕುಗ್ಗಿಸಿದ ಪ್ರತಿ, ಅದನ್ನೇ ಮೂಲ ಎಂದುಕೊಳ್ಳಬೇಡಿ.