ಕರೆಂಟ್ ಬೇಡ, ಪೈಪ್ ಸಾಕು: ಈ ಟಿಪ್‌ನಿಂದ ಮನೆಯ ಸಂಪ್ ಖಾಲಿಯಾಗುತ್ತಾ?

ಅಮೆರಿಕದಂಥ ದೇಶಗಳಲ್ಲಿ ಹಲವರ ಮನೆ ಹಿತ್ತಲಿನಲ್ಲಿ ಹಾಟ್ ಟಬ್ ಇರುತ್ತದೆ. ನಾಲ್ಕೈದು ಜನ ಕೂತು ಬಿಸಿನೀರಿನಲ್ಲಿ ಮೈ ನೆನೆಸುವ ದೊಡ್ಡ ತೊಟ್ಟಿ ಅದು. ಗಿಡಕ್ಕೆ ನೀರು ಹಾಕುವ ಪೈಪ್ ಒಂದರಿಂದಲೇ ಇದನ್ನು ಖಾಲಿ ಮಾಡಿ ತೋರಿಸುವ ವಿಡಿಯೋಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ. ಪೈಪ್‌ನ ಒಂದು ತುದಿ ನೀರಿನೊಳಗೆ, ಇನ್ನೊಂದು ತುದಿ ಹೊರಗೆ. ಮೋಟಾರ್ ಇಲ್ಲ, ಕರೆಂಟ್ ಇಲ್ಲ, ನೀರು ತಾನಾಗಿಯೇ ಅಂಚು ಹತ್ತಿ ಹೊರಗೆ ಸುರಿಯುತ್ತದೆ. ನೋಡಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ನಮ್ಮ ಮನೆಯ ಸಂಪ್ ಅನ್ನೂ ಹೀಗೇ ಖಾಲಿ ಮಾಡಬಹುದಲ್ಲವೇ?

ಚಿಕ್ಕ ಉತ್ತರ: ವಿಡಿಯೋ ನಿಜ, ಆದರೆ ಸಂಪ್‌ಗೆ ಈ ಟಿಪ್ ಸಾಮಾನ್ಯವಾಗಿ ನಡೆಯುವುದಿಲ್ಲ. ಅದು ನಡೆಯಲಿಲ್ಲವೆಂದು ಯಾರನ್ನಾದರೂ ಸಂಪ್‌ನೊಳಗೆ ಇಳಿಸಿದರೆ ಪ್ರಾಣಕ್ಕೇ ಅಪಾಯ.

ನೀರು ತಾನಾಗಿಯೇ ಮೇಲೇರುವುದು ಹೇಗೆ?

ಇದಕ್ಕೆ ಸೈಫನ್ ಎಂದು ಹೆಸರು. ಬಾವಿಯ ರಾಟೆಯ ಮೇಲೆ ಒಂದು ಹಗ್ಗ ಹಾಕಿದ್ದೀರಿ ಅಂದುಕೊಳ್ಳಿ. ಎರಡೂ ಬದಿ ಸಮ ಇದ್ದರೆ ಹಗ್ಗ ಅಲ್ಲಾಡುವುದಿಲ್ಲ. ಒಂದು ಬದಿ ಉದ್ದ ಬಿಟ್ಟರೆ ಆ ಬದಿಯ ಭಾರಕ್ಕೆ ಹಗ್ಗ ಪೂರ್ತಿ ಅತ್ತಲೇ ಜಾರುತ್ತದೆ. ಪೈಪ್‌ನೊಳಗಿನ ನೀರೂ ಹೆಚ್ಚುಕಡಿಮೆ ಹೀಗೆಯೇ. ಹೊರಗಿನ ತುದಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನೀರು ಅತ್ತ ಇಳಿಯುತ್ತದೆ, ಹಿಂದಿನ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನಡುವೆ ನೀರಿನ ಎಳೆ ಕಡಿಯದಂತೆ ನೋಡಿಕೊಳ್ಳುವುದು ಗಾಳಿಯ ಒತ್ತಡ. ಆದರೆ ನೀರು ಹರಿಯುವಂತೆ ಮಾಡುವುದು ಗುರುತ್ವಾಕರ್ಷಣೆ.

ಈ ವಿಷಯದಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟೇ ಎಡವಿತ್ತು. ಸೈಫನ್ ಕೆಲಸ ಮಾಡುವುದು ಗಾಳಿಯ ಒತ್ತಡದಿಂದ ಎಂದು 1911ರಿಂದ ಅದರಲ್ಲಿ ಅಚ್ಚಾಗಿತ್ತು. 2010ರಲ್ಲಿ ಆಸ್ಟ್ರೇಲಿಯಾದ ಭೌತವಿಜ್ಞಾನಿ ಸ್ಟೀಫನ್ ಹ್ಯೂಸ್ ಇದನ್ನು ಎತ್ತಿ ತೋರಿಸಿದರು.

ಸೈಫನ್ ನಮಗೆ ಹೊಸದೇನಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಮಿತಿ ಮೀರಿದಾಗ ಯಾರೂ ಗೇಟ್ ಎತ್ತದೆಯೇ ಹೊರಹೋಗಲು ಸೈಫನ್ ವ್ಯವಸ್ಥೆ ಇದೆ.

ಹಾಟ್ ಟಬ್‌ಗೆ ಆಗುತ್ತದೆ, ಸಂಪ್‌ಗೆ ಯಾಕಿಲ್ಲ?

ಹಾಟ್ ಟಬ್ ಸಾಮಾನ್ಯವಾಗಿ ನೆಲದ ಮೇಲೆ ಕೂತಿರುತ್ತದೆ. ಎತ್ತರ ಸುಮಾರು 90 ಸೆಂ.ಮೀ. ಪೈಪ್‌ನ ಹೊರತುದಿಯನ್ನು ಅಂಗಳದಲ್ಲಿ ಬಿಟ್ಟರೆ ಸಾಕು, ಅದು ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ.

ಸಂಪ್ ಇರುವುದು ನೆಲದೊಳಗೆ. ಅದರಲ್ಲಿ ನೀರು ತುಂಬಿದ್ದರೂ ಮಟ್ಟ ನೆಲಕ್ಕಿಂತ ಕೆಳಗಿರುತ್ತದೆ. ಪೈಪ್‌ನ ಹೊರತುದಿಯನ್ನು ಅಂಗಳದಲ್ಲಿಟ್ಟರೆ ಅದು ನೀರಿಗಿಂತ ಮೇಲಾಯಿತು. ಎಷ್ಟು ಸಲ ಪ್ರಯತ್ನಿಸಿದರೂ ಪೈಪ್‌ನಲ್ಲಿದ್ದ ನೀರು ವಾಪಸ್ ಸಂಪ್‌ಗೇ ಬೀಳುತ್ತದೆ.

ಒಂದು ವಿನಾಯಿತಿ ಇದೆ. ಮಲೆನಾಡು, ಕೊಡಗಿನಂಥ ಕಡೆ ಇಳಿಜಾರಿನಲ್ಲಿ ಮನೆ ಇದ್ದು, ಪಕ್ಕದ ತೋಟ ಸಂಪ್‌ನ ತಳಕ್ಕಿಂತ ತಗ್ಗಿನಲ್ಲಿದ್ದರೆ ಸೈಫನ್ ಚೆನ್ನಾಗಿ ಕೆಲಸ ಮಾಡುತ್ತದೆ. ಛಾವಣಿಯ ಮೇಲಿನ ಟ್ಯಾಂಕ್, ನೆಲದ ಮೇಲಿನ ಡ್ರಮ್, ಮಕ್ಕಳ ಗಾಳಿ ತುಂಬಿದ ಈಜುತೊಟ್ಟಿಗೂ ಇದು ಸರಿ.

ಇನ್ನೊಂದು ಮಿತಿಯೂ ಇದೆ. ನೀರಿನ ಮಟ್ಟದಿಂದ ಪೈಪ್ ಹತ್ತಬೇಕಾದ ಎತ್ತರ ಸುಮಾರು 10 ಮೀಟರ್ ದಾಟಿದರೆ ನೀರಿನ ಎಳೆ ಕಡಿದುಹೋಗುತ್ತದೆ. ಸಮುದ್ರ ಮಟ್ಟಕ್ಕಿಂತ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಈ ಮಿತಿ 9 ಮೀಟರ್ ಆಸುಪಾಸು.

ಬೇಗ ಖಾಲಿಯಾಗಲು ಏನು ಮಾಡಬೇಕು?

ಪೈಪ್‌ನ ದಪ್ಪ ಮತ್ತು ಉದ್ದ ಇಲ್ಲಿ ಮುಖ್ಯ. ಪೈಪ್‌ನ ಅಡ್ಡಳತೆ ಎರಡು ಪಟ್ಟಾದರೆ ನೀರು ಹೋಗುವ ಜಾಗ ನಾಲ್ಕು ಪಟ್ಟಾಗುತ್ತದೆ. ಜೊತೆಗೆ ಗೋಡೆಗೆ ಉಜ್ಜಿ ಆಗುವ ತಡೆಯೂ ಕಡಿಮೆಯಾಗುತ್ತದೆ.

ಒಂದು ಅಂದಾಜು ಲೆಕ್ಕ ನೋಡಿ. ನೀರಿನ ಮಟ್ಟ ಹೊರತುದಿಗಿಂತ 90 ಸೆಂ.ಮೀ. ಮೇಲಿದೆ, ಪೈಪ್ ಉದ್ದ 10 ಮೀಟರ್. ಅರ್ಧ ಇಂಚಿನ ಪೈಪ್‌ನಲ್ಲಿ ನಿಮಿಷಕ್ಕೆ 6 ಲೀಟರ್ ಹರಿದರೆ, 1 ಇಂಚಿನ ಪೈಪ್‌ನಲ್ಲಿ 30 ಲೀಟರ್ ದಾಟುತ್ತದೆ. ಮಟ್ಟ ಇಳಿದಂತೆ ವೇಗವೂ ಇಳಿಯುತ್ತದೆ. ಹಾಗಾಗಿ 1,500 ಲೀಟರ್ ಹಿಡಿಯುವ ತೊಟ್ಟಿಗೆ ಅರ್ಧ ಇಂಚಿನ ಪೈಪ್‌ನಲ್ಲಿ ಸುಮಾರು 8 ಗಂಟೆ ಬೇಕಾದರೆ, 1 ಇಂಚಿನದರಲ್ಲಿ 2 ಗಂಟೆಯೊಳಗೆ ಮುಗಿಯಬಹುದು.

ಹಾಗಾಗಿ ಪೈಪ್ ದಪ್ಪ ಇರಲಿ, ಗಿಡ್ಡ ಇರಲಿ, ಮಡಚಿಕೊಳ್ಳದಿರಲಿ, ಹೊರತುದಿ ಆದಷ್ಟು ತಗ್ಗಿನಲ್ಲಿರಲಿ. ಒಂದರ ಬದಲು ಎರಡು ಪೈಪ್ ಹಾಕಿದರೆ ಸಮಯ ಅರ್ಧಕ್ಕಿಳಿಯುತ್ತದೆ.

ಬಾಯಿ ಹಾಕಿ ಎಳೆಯಲೇಬೇಕಾ?

ಬೇಡವೇ ಬೇಡ. ಪೈಪ್‌ನಲ್ಲಿ ಗಾಳಿ ಇರಬಾರದು, ಅಷ್ಟೇ. ಪೈಪ್ ಅನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆ ತಂದು ಕೆಳಗೆ ಬಿಡಿ. ಇಲ್ಲವೇ ಪೈಪ್‌ಗೆ ನಲ್ಲಿಯಿಂದ ನೀರು ತುಂಬಿಸಿಕೊಂಡು, ಎರಡೂ ತುದಿ ಮುಚ್ಚಿ, ಒಂದನ್ನು ತೊಟ್ಟಿಯೊಳಗೆ ಮುಳುಗಿಸಿ, ಇನ್ನೊಂದನ್ನು ಕೆಳಗಿಟ್ಟು ಬಿಡಿ.

ಬಾಯಲ್ಲಿ ಎಳೆದರೆ ಕೊಳೆ ನೀರು ಹೊಟ್ಟೆ ಸೇರಿ ವಾಂತಿ ಭೇದಿ ಆಗಬಹುದು. ಬೈಕ್‌ನಿಂದ ಪೆಟ್ರೋಲ್ ತೆಗೆಯಲು ಹೀಗೆ ಮಾಡುವುದು ಇನ್ನೂ ಕೆಟ್ಟದ್ದು. ಸ್ವಲ್ಪವೇ ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೂ ತೀವ್ರ ಹಾನಿಯಾಗುತ್ತದೆ. ನುಂಗಿದವರಿಗೆ ವಾಂತಿ ಮಾಡಿಸಲು ಹೋಗಬೇಡಿ, ವಾಂತಿಯಾಗುವಾಗಲೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಸಂಪ್ ಖಾಲಿ ಮಾಡುವ ಸುಲಭ ದಾರಿ ಯಾವುದು?

1. ಶುಚಿ ಮಾಡುವ ದಿನ ಮೊದಲೇ ಗೊತ್ತುಮಾಡಿಕೊಳ್ಳಿ. ಕೆಲವು ದಿನ ಮುಂಚೆ ಸಂಪ್‌ಗೆ ನೀರು ಬರುವ ವಾಲ್ವ್ ಮುಚ್ಚಿ, ಇರುವ ನೀರನ್ನೇ ಬಳಸಿ. ಒಂದು ಹನಿಯೂ ಮೋರಿ ಸೇರುವುದಿಲ್ಲ.

2. ಉಳಿದದ್ದನ್ನು ಮನೆಯ ಮೋಟಾರ್‌ನಿಂದಲೇ ಓವರ್‌ಹೆಡ್ ಟ್ಯಾಂಕ್‌ಗೆ ಏರಿಸಿ. ಕಲಕಿದ ನೀರು ಬರುವ ಮುಂಚೆ ನಿಲ್ಲಿಸಿ. ಫುಟ್ ವಾಲ್ವ್ ಗಾಳಿ ಎಳೆಯತೊಡಗಿದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಮೋಟಾರ್ ಹಾಳಾಗುತ್ತದೆ.

3. ತಳದ ಕೆಸರು ನೀರಿಗೆ ಬಾಡಿಗೆಗೆ ಸಿಗುವ ಸಣ್ಣ ಸಬ್‌ಮರ್ಸಿಬಲ್ ಪಂಪ್ ಬಳಸಿ. ಅದನ್ನು ಹಗ್ಗದಲ್ಲಿ ಇಳಿಸಿ, ವೈರ್ ಹಿಡಿದು ಇಳಿಸಬೇಡಿ. ಪಂಪ್ ಪ್ಲಗ್‌ನಲ್ಲಿರುವಾಗ ಯಾರೂ ಆ ನೀರಿಗೆ ಕೈಕಾಲು ಹಾಕಬಾರದು. ಮನೆಯ ಲೈನ್‌ನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲಿ.

4. ಆ ನೀರನ್ನು ಗಿಡಗಳಿಗೆ ಬಿಡಿ. ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಬರುವ ನೀರು ಮಾತ್ರ ಗಿಡಕ್ಕೆ ಬೇಡ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ. ಮಣ್ಣಿನಲ್ಲಿ ನೀರು ಮೇಲೆ ಬಂದಿರುವಾಗ ನೆಲದೊಳಗಿನ ಪ್ಲಾಸ್ಟಿಕ್ ಅಥವಾ ಫೈಬರ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿದರೆ ಅದು ದೋಣಿಯಂತೆ ಮೇಲೇಳಬಹುದು. ಸುತ್ತ ಪೂರ್ತಿ ನೀರಿದ್ದರೆ 1,000 ಲೀಟರ್‌ನ ಖಾಲಿ ಟ್ಯಾಂಕ್ ಅನ್ನು ಸುಮಾರು 1 ಟನ್ ಬಲ ಮೇಲಕ್ಕೆ ದೂಡುತ್ತದೆ. ಈ ಕೆಲಸಕ್ಕೆ ಬೇಸಿಗೆಯೇ ಸರಿ.

ಅಸಲಿ ಅಪಾಯ ಇರುವುದು ಕೊನೆಯ ಒಂದು ಅಡಿಯಲ್ಲಿ

ಸಂಪ್ ಬಹುತೇಕ ಖಾಲಿಯಾದ ಮೇಲೆ "ಐದೇ ನಿಮಿಷ, ಇಳಿದು ಬಳಿದು ಬಿಡೋಣ" ಅನ್ನಿಸುತ್ತದೆ. ಸಾವು ಸಂಭವಿಸುವುದು ಇಲ್ಲೇ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ. ಶೇ. 19.5ಕ್ಕಿಂತ ಕಡಿಮೆಯಾದರೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಅದನ್ನು ಅಪಾಯ ಎನ್ನುತ್ತವೆ. ಶೇ. 10ಕ್ಕಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತದೆ, ಕೂಗಿಕೊಳ್ಳಲೂ ಸಮಯ ಸಿಗುವುದಿಲ್ಲ. ಮುಚ್ಚಿದ ಸಂಪ್‌ನಲ್ಲಿ ಕೊಳೆಯುವ ಎಲೆ, ಕೆಸರು, ತುಕ್ಕು ಹಿಡಿಯುವ ಕಬ್ಬಿಣ ಎಲ್ಲವೂ ಆಮ್ಲಜನಕ ತಿನ್ನುತ್ತವೆ. ಹೊಸ ಸಂಪ್‌ನ ಸೆಂಟ್ರಿಂಗ್ ಹಲಗೆ ಬಿಚ್ಚಲು ಇಳಿಯುವುದೂ ಇದೇ ಕಾರಣಕ್ಕೆ ಅಪಾಯ. ಒದ್ದೆ ಮರದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಒಳಗಿನ ಆಮ್ಲಜನಕ ಬಳಸಿಬಿಟ್ಟಿರುತ್ತವೆ.

ನಂಬಿಕೆ: ದೀಪ ಅಥವಾ ಮೇಣದ ಬತ್ತಿ ಇಳಿಸಿ, ಉರಿದರೆ ಇಳಿಯಬಹುದು.
ನಿಜ: ಇದು ಭರವಸೆಯ ಪರೀಕ್ಷೆ ಅಲ್ಲ. ಬತ್ತಿ ಆರುವುದು ಆಮ್ಲಜನಕ ಸುಮಾರು ಶೇ. 16ಕ್ಕೆ ಇಳಿದಾಗ. ಅಂದರೆ ಅಪಾಯ ಶುರುವಾದ ಮೇಲೂ ಅದು ಉರಿಯುತ್ತಿರುತ್ತದೆ. ವಿಷಾನಿಲ ಇದೆಯೇ ಎಂದು ಅದು ಹೇಳುವುದಿಲ್ಲ. ಪೇಂಟ್ ಅಥವಾ ವಾಟರ್‌ಪ್ರೂಫಿಂಗ್ ಕೆಮಿಕಲ್‌ನ ಆವಿ ಇದ್ದರೆ ಬೆಂಕಿಯೇ ಹತ್ತಬಹುದು.

ನಂಬಿಕೆ: ಕರೆಂಟ್ ಇಲ್ಲದಿದ್ದರೆ ಪೆಟ್ರೋಲ್ ಅಥವಾ ಡೀಸೆಲ್ ಪಂಪ್ ಅನ್ನು ಸಂಪ್‌ನೊಳಗೆ ಇಳಿಸಿ ಓಡಿಸಬಹುದು.
ನಿಜ: ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೂ ಕೊಲ್ಲಬಲ್ಲದು. ಎಂಜಿನ್ ಯಾವಾಗಲೂ ಹೊರಗೆ, ಸಂಪ್ ಬಾಯಿಂದ ದೂರ ಇರಬೇಕು.

ನಂಬಿಕೆ: ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಿದರೆ ಪಾಚಿ ಬೇಗ ಹೋಗುತ್ತದೆ.
ನಿಜ: ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಯಲಿನಲ್ಲೇ ಅದು ಎದೆ ಉರಿಸುತ್ತದೆ, ಸಂಪ್‌ನೊಳಗೆ ಪ್ರಾಣ ತೆಗೆಯಬಹುದು.

ಒಳಗೆ ಯಾರಾದರೂ ಬಿದ್ದರೆ?

ಹಿಂದೆಯೇ ಧುಮುಕಬೇಡಿ. ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು. ತಮ್ಮನಿಗಾಗಿ ಅಣ್ಣ, ಅಣ್ಣನಿಗಾಗಿ ಅಪ್ಪ ಇಳಿದರೆ ಒಂದು ಸಾವು ಮೂರಾಗುತ್ತದೆ. 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಮುಚ್ಚಳ ಪೂರ್ತಿ ತೆರೆಯಿರಿ, ಮೋಟಾರ್‌ನ ಕರೆಂಟ್ ತೆಗೆಯಿರಿ, ಬ್ಲೋವರ್ ಅಥವಾ ಫ್ಯಾನ್ ಇದ್ದರೆ ಹೊರಗಿನಿಂದ ಗಾಳಿ ಬಿಡಿ. ಒಳಗಿರುವವರಿಗೆ ಎಚ್ಚರ ಇದ್ದರೆ ಮೇಲಿನಿಂದ ಹಗ್ಗ ಎಸೆಯಿರಿ.

ಮಾಮೂಲಿ ಶುಚಿಗೂ ಆದಷ್ಟು ಮೇಲಿನಿಂದಲೇ, ಉದ್ದ ಹಿಡಿಯ ಬ್ರಷ್ ಮತ್ತು ಜೆಟ್ ಪೈಪ್‌ನಿಂದ ತೊಳೆಯಿರಿ. ಇಳಿಯಲೇಬೇಕಾದರೆ ಗ್ಯಾಸ್ ಮೀಟರ್, ಬ್ಲೋವರ್, ಸೊಂಟದ ಬೆಲ್ಟ್, ಮೇಲೆ ಕಾವಲಿಗೆ ಒಬ್ಬರು ಇರುವ ತರಬೇತಿ ಪಡೆದ ತಂಡವನ್ನು ಮಾತ್ರ ಕರೆಸಿ. ಕೂಲಿ ಕೊಟ್ಟು ಕರೆತಂದವರ ಪ್ರಾಣಕ್ಕೂ ಇದೇ ನಿಯಮ. ಸೆಪ್ಟಿಕ್ ಟ್ಯಾಂಕ್‌ಗಂತೂ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಪೈಪ್ ಟಿಪ್ ನೆಲದ ಮೇಲಿನ ತೊಟ್ಟಿಗೆ ಸರಿ, ನೆಲದೊಳಗಿನ ಸಂಪ್‌ಗೆ ಅಲ್ಲ. ಬಾಯಲ್ಲಿ ಎಳೆಯಬೇಡಿ. ಸಂಪ್ ಖಾಲಿ ಕಂಡರೂ ಒಳಗೆ ಇಳಿಯಬೇಡಿ. ಯಾರಾದರೂ ಬಿದ್ದಿದ್ದರೆ ಹಿಂದೆ ಇಳಿಯದೆ 112 ಅಥವಾ 101ಕ್ಕೆ ಕರೆ ಮಾಡಿ."