ಹಳೆಯ ಮೈಸೂರಿನ ಸರಕಾರಿ ಚಾಕರಿ

1881ರ ಮಾರ್ಚಿ 25ರಂದು, ಅರ್ಧ ಶತಮಾನದ ಕಮಿಷನರ ಆಳಿಕೆ ಕೊನೆಗೊಂಡು ಮೈಸೂರು ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ, ದಿವಾನ್ ರಂಗಾಚಾರ್ಲು ಅವರಿಗೆ ಒದಗಿದ ಚಿಂತೆ ಮಹಾಕ್ಷಾಮದಿಂದ ಬರಿದಾಗಿದ್ದ ಬೊಕ್ಕಸದ್ದೊಂದೇ ಅಲ್ಲ. ರಾಜ್ಯಯಂತ್ರವನ್ನು ನಡೆಯಿಸಬಲ್ಲ ಯೋಗ್ಯರನ್ನು ಎಲ್ಲಿಂದ ತರಬೇಕು, ತಂದವರನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದೂ ಅಷ್ಟೇ ಗಹನವಾದ ಚಿಂತೆಯಾಗಿತ್ತು. ಮುಂದಿನ ಅರುವತ್ತು ವರ್ಷಗಳ ಮೈಸೂರಿನ ಆಡಳಿತಚರಿತ್ರೆಯನ್ನು ಈ ಒಂದು ಪ್ರಶ್ನೆಗೆ ಸಂಸ್ಥಾನವು ಹುಡುಕಿದ ಉತ್ತರಗಳ ಚರಿತ್ರೆಯೆಂದೇ ಓದಬಹುದು.

ಅದಕ್ಕೆ ಹಿಂದಿನ ಪದ್ಧತಿಯೆಂದರೆ ಉಮೇದುವಾರಿಕೆ. ಅಕ್ಷರ ಬಲ್ಲ ಹುಡುಗನೊಬ್ಬನು, ಬಂಧುವೋ ಪರಿಚಿತನೋ ಆದ ಗುಮಾಸ್ತನ ಬೆನ್ನು ಹಿಡಿದು ತಾಲ್ಲೂಕು ಕಚೇರಿಯನ್ನು ಸೇರಿ, ಸಂಬಳವಿಲ್ಲದೆ ತಿಂಗಳುಗಟ್ಟಲೆ ನಕಲು ಬರೆದು, ಲೆಕ್ಕ ಕೂಡಿ, ಮೇಲಿನವರ ಮರ್ಜಿಯನ್ನು ಕಾದು, ಯಾವುದಾದರೊಂದು ಜಾಗ ತೆರವಾದಾಗ ಅದಕ್ಕೆ ಅಂಟಿಕೊಳ್ಳುತ್ತಿದ್ದನು. ಆತನ ಮುಂದೆ ಇರುತ್ತಿದ್ದುದು ಕಡತ: ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಬೆರಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ. ಒರಸಿದರೆ ಅಳಿಯುವ ಆ ಬರಹವನ್ನು ಮೋಡಿ ಲಿಪಿಯಲ್ಲಿ ಬರೆಯುವ ಹಾಗೂ ಓದುವ ವಿದ್ಯೆ ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ದಾಟುತ್ತಿದ್ದಿತೇ ಹೊರತು ಶಾಲೆಯಲ್ಲಿ ಸಿಕ್ಕುತ್ತಿರಲಿಲ್ಲ. ಕೆಲಸ ಮಾಡುತ್ತಲೇ ಕೆಲಸ ಕಲಿಸುವುದು ಈ ಪದ್ಧತಿಯ ಗುಣ. ವಶೀಲಿಯಿಲ್ಲದವನು ಹೊಸಿಲನ್ನೇ ದಾಟಲಾರದೆ ಹೋಗುತ್ತಿದ್ದುದು ಅದರ ದೋಷ.

1883ರಲ್ಲಿ ದಿವಾನರಾದ ಶೇಷಾದ್ರಿ ಅಯ್ಯರ್ ಅವರು ಹದಿನೆಂಟು ವರ್ಷಗಳ ದೀರ್ಘಾಧಿಕಾರದಲ್ಲಿ ರೈಲು, ನೀರಾವರಿ, ಚಿನ್ನದ ಗಣಿ, ವಿದ್ಯುತ್ತು ಮುಂತಾದ ಹೊಸ ಕಾರ್ಯಗಳನ್ನು ಕೈಗೊಂಡರಷ್ಟೆ. ಇವುಗಳಿಗೆ ಬೇಕಾದ ಇಂಗ್ಲಿಷ್ ವಿದ್ಯಾವಂತರನ್ನು ಅವರು ಬಹುಮಟ್ಟಿಗೆ ಮದರಾಸು ಪ್ರಾಂತದಿಂದ ಕರೆತಂದರು. ಬಂದವರು ಸಮರ್ಥರೇ ಆಗಿದ್ದರೂ, ನಾಡಿನ ತರುಣರಿಗೆ ತಮ್ಮ ಮನೆಯಲ್ಲಿ ತಾವೇ ಪರಕೀಯರಾದೆವೆಂಬ ಕಸಿವಿಸಿ ಹುಟ್ಟಿ, ಮೈಸೂರು ಮೈಸೂರಿಗರಿಗೆ ಎಂಬ ಕೂಗು ಎದ್ದಿತು. 1891ರಲ್ಲಿ ಅದೇ ದಿವಾನರ ಕಾಲದಲ್ಲಿ ಆರಂಭವಾದ ಮೈಸೂರು ಸಿವಿಲ್ ಸರ್ವಿಸಿನ ಸ್ಪರ್ಧಾಪರೀಕ್ಷೆಯು, ಉಚ್ಚ ಹುದ್ದೆಯ ಬಾಗಿಲನ್ನು ಬಂಧುವಿನ ಕೈಯಿಂದ ಬಿಡಿಸಿ ಉತ್ತರಪತ್ರಿಕೆಯ ಕೈಗೆ ಒಪ್ಪಿಸಿತು.

ಪರೀಕ್ಷೆ ಗೆದ್ದುದು ಆರಂಭ ಮಾತ್ರ. ಪ್ರೊಬೇಷನರನಾಗಿ ನಿಯುಕ್ತನಾದ ತರುಣನು ಷೇಕ್ಸ್‌ಪಿಯರನನ್ನು ಎಷ್ಟೇ ಚೆನ್ನಾಗಿ ಬಲ್ಲವನಾಗಿರಲಿ, ಖಾತೆಯೇನು, ಖಿರ್ದಿಯೇನು, ಜಮಾಬಂದಿಯ ಹೊತ್ತಿನಲ್ಲಿ ಶಾನುಭೋಗನು ಒಪ್ಪಿಸುವ ಲೆಕ್ಕದಲ್ಲಿ ಕಣ್ಣಿಡಬೇಕಾದ ಕಲಮು ಯಾವುದು ಎಂಬುದನ್ನು ಅದೇ ಶಾನುಭೋಗನಿಂದಲೂ ಶೇಕದಾರನಿಂದಲೂ ಕಲಿಯಬೇಕಾಗಿತ್ತು. ಅಧಿಕಾರದಲ್ಲಿ ಹಿರಿಯನಾದವನು ಅನುಭವದಲ್ಲಿ ಕಿರಿಯನಾಗಿ ನಿಲ್ಲುವ ಈ ವಿಚಿತ್ರ ಸಂಬಂಧವನ್ನು ವಿನಯದಿಂದ ನಿಭಾಯಿಸಿದವರು ಬೆಳೆದರು. ಬಿಗುಮಾನದಿಂದ ನಿಭಾಯಿಸಿದವರು ಕೈಕೆಳಗಿನವರ ಕೈಗೊಂಬೆಗಳಾದರು. ಅಮಲ್ದಾರಿಕೆಯ ಕಾಲದ ಅನುಭವಗಳನ್ನು ‘ಕೆಲವು ನೆನಪುಗಳು’ ಎಂಬ ಗ್ರಂಥದಲ್ಲಿ ಬರೆದಿಟ್ಟ ನವರತ್ನ ರಾಮರಾಯರಂಥವರಿಗೆ ಹಳ್ಳಿಯೇ ಎರಡನೆಯ ವಿಶ್ವವಿದ್ಯಾನಿಲಯವಾಯಿತು.

ಇಷ್ಟರಲ್ಲಿ ಮುಂಬಯಿ ಸರಕಾರದ ಒಂದು ಲೋಪದಿಂದ ಮೈಸೂರಿಗೆ ಮಹಾಲಾಭವೊಂದು ದೊರೆಯಿತು. 1884ರಲ್ಲಿ ಅಲ್ಲಿಯ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ರಚಿಸಿ ಕೀರ್ತಿವಂತರಾಗಿದ್ದ ವಿಶ್ವೇಶ್ವರಯ್ಯನವರು, ಭಾರತೀಯನಾದವನಿಗೆ ಚೀಫ್ ಇಂಜಿನಿಯರ್ ಪದವಿ ಸಿಕ್ಕುವ ಸಂಭವವಿಲ್ಲವೆಂದು ಕಂಡು, ಅವಧಿಗೆ ಮೊದಲೇ ಆ ಚಾಕರಿಯಿಂದ ನಿವೃತ್ತರಾದರು. ಮೈಸೂರಿನಿಂದ ಕರೆ ಬಂದಾಗಲೂ ಅವರು ಸಂಬಳವನ್ನು ಮುಂದಿಟ್ಟು ಚೌಕಾಸಿ ಮಾಡಲಿಲ್ಲ; ಔದ್ಯೋಗಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ದುಡಿಯಲು ತಮಗೆ ಅವಕಾಶವುಂಟೇ ಎಂದು ಕೇಳಿ, ಸಮಾಧಾನಕರವಾದ ಉತ್ತರ ಬಂದ ಬಳಿಕ 1909ರಲ್ಲಿ ಬಂದರು. ಸಮರ್ಥನನ್ನು ಸೆಳೆಯುವ ವಸ್ತು ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮೂರು ವರ್ಷಗಳಲ್ಲಿ ಅವರು ದಿವಾನರಾದರು.

ಆದರೆ ಪರೀಕ್ಷೆಯ ಬಾಗಿಲು ತೆರೆದಿದ್ದರೂ ಅದರವರೆಗೆ ನಡೆದು ಬರುವ ದಾರಿ ಎಲ್ಲರಿಗೂ ಸಮನಾಗಿರಲಿಲ್ಲ. ಇಂಗ್ಲಿಷ್ ವಿದ್ಯೆಯು ತಲತಲಾಂತರದಿಂದ ಅಕ್ಷರಸ್ಥರಾಗಿದ್ದ ಬ್ರಾಹ್ಮಣ ಕುಟುಂಬಗಳಿಗೇ ಹೆಚ್ಚಾಗಿ ದಕ್ಕಿದ್ದರಿಂದ ಕಚೇರಿಗಳಲ್ಲಿ ಅವರೇ ತುಂಬಿದ್ದರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯು ಈ ಅಸಮತೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ನಿವೇದಿಸಲು, 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲಿಗೂ ಕಡಮೆಯಾಗದಂತೆ ಬ್ರಾಹ್ಮಣೇತರರು ಇರಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಅರ್ಹತೆಯೊಂದೇ ಮಾನದಂಡವೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗದೆ, ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಮುಂಬಯಿಯಲ್ಲಿ ಜನಾಂಗಭೇದದ ಗೋಡೆಯನ್ನು ಸ್ವತಃ ಕಂಡಿದ್ದವರಿಗೆ ಮೈಸೂರಿನ ಗೋಡೆ ಅಷ್ಟು ನಿಚ್ಚಳವಾಗಿ ಕಾಣಿಸಲಿಲ್ಲವೆಂದೇ ಹೇಳಬೇಕಾಗುತ್ತದೆ. ಮಹಾರಾಜರಿಗೆ ಅದು ಕಂಡಿತು.

ನೇಮಕದ ಬಾಗಿಲನ್ನು ಹೀಗೆ ಅಗಲಿಸಿದ ಸಂಸ್ಥಾನವು ಬಡ್ತಿಯ ವಿಷಯದಲ್ಲಿ ಅಷ್ಟೇ ಎಚ್ಚರವಾಗಿತ್ತೆನ್ನಲು ಬಾರದು. ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ಹಗಲು ಕಡತ ನೋಡಿ ಉಳಿದ ಹೊತ್ತಿನಲ್ಲಿ ಕಥೆ ಬರೆಯುತ್ತ, ಮೂರು ದಶಕಗಳ ಸಮೀಪ ನಾನಾ ಹುದ್ದೆಗಳಲ್ಲಿ ದುಡಿದರು. ಮಂತ್ರಿಪದವಿಗೆ ಸಮಾನವಾದ ಸ್ಥಾನಕ್ಕೆ ತಮ್ಮ ಸರದಿ ಬಂದಾಗ ತಮಗಿಂತ ಕಿರಿಯರಾದವರು ಅಲ್ಲಿಗೆ ಏರಿದುದನ್ನು ಕಂಡು, 1943ರಲ್ಲಿ ಅವರು ಸೇವೆಯಿಂದ ತಾವಾಗಿ ಹೊರಬಂದರು. ಮರುವರ್ಷ ‘ಜೀವನ’ ಪತ್ರಿಕೆಯ ಹೊಣೆ ಹೊತ್ತರು. ಕನ್ನಡವು ಗಳಿಸಿತು, ಕಚೇರಿ ಕಳೆದುಕೊಂಡಿತು.

ಮುಂಬಯಿ ಮಾಡಿದ ತಪ್ಪನ್ನು ಲಾಭವಾಗಿಸಿಕೊಂಡ ಮೈಸೂರು ಮೂವತ್ತೈದು ವರ್ಷಗಳೊಳಗೆ ಅದಕ್ಕೆ ಸಮೀಪವಾದ ತಪ್ಪನ್ನು ತಾನೇ ಮಾಡಿತು. ಯೋಗ್ಯನನ್ನು ಆರಿಸಲು ಪರೀಕ್ಷೆ ಸಾಕು, ಯೋಗ್ಯತೆಯ ವರ್ತುಲವನ್ನು ವಿಸ್ತರಿಸಲು ಆಜ್ಞೆಯೊಂದು ಸಾಕು. ಆದರೆ ಯೋಗ್ಯನನ್ನು ಉಳಿಸಿಕೊಳ್ಳಲು, ಅವನು ಮುಂದೆ ಏರಬೇಕಾದ ಮೆಟ್ಟಿಲನ್ನು ನ್ಯಾಯವಾಗಿ ಕಾಯುವ ದೃಷ್ಟಿಯು ಮೇಲಿನವರಿಗೆ ದಿನದಿನವೂ ಇರಬೇಕು. ಮೊದಲೆರಡನ್ನು ಕಾಯಿದೆಯಿಂದ ಸಾಧಿಸಿದ ಸಂಸ್ಥಾನಕ್ಕೆ ಮೂರನೆಯದು ಕಾಯಿದೆಯಿಂದ ದಕ್ಕುವಂಥದಾಗಿರಲಿಲ್ಲ.