ಕೋಳಿಮಾಂಸ ಮತ್ತು ತರಕಾರಿಯ ಬಾಣಲೆ ಪಲ್ಯ: ಸಾರ್ವಜನಿಕರ ಮಾಹಿತಿಗಾಗಿ

2020ರ ಮಾರ್ಚ್ ಮಾಹೆಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ, ಕೋಳಿಮಾಂಸ ಸೇವಿಸಬಹುದೇ ಎಂಬ ಸಂದೇಹ ಸಾರ್ವಜನಿಕರಲ್ಲಿ ಮೂಡಿತ್ತು. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುವಂತೆ ಬೇಯಿಸಿದಲ್ಲಿ ಈ ವೈರಾಣು ನಾಶವಾಗುತ್ತದೆ. ಕಚೇರಿಯಿಂದ ತಡವಾಗಿ ಮನೆಗೆ ಹಿಂದಿರುಗುವ ಶ್ರೀರಾಂಪುರದ ನಿವಾಸಿಗಳಿಗೂ ಸುಲಭವಾಗುವ ಒಂದು ವಿಧಾನವನ್ನು ಇಲ್ಲಿ ನೀಡಲಾಗಿದೆ.

ನಾಲ್ವರಿಗೆ ಬೇಕಾಗುವ ಸಾಮಗ್ರಿ: ಚರ್ಮ ಮತ್ತು ಮೂಳೆ ತೆಗೆದ ಕೋಳಿಮಾಂಸ 400 ಗ್ರಾಂ, ಹುರುಳಿಕಾಯಿ ಹಾಗೂ ಕ್ಯಾರೆಟ್ ತಲಾ 100 ಗ್ರಾಂ, ದಪ್ಪ ಮೆಣಸಿನಕಾಯಿ 1, ಈರುಳ್ಳಿ 2, ಎಣ್ಣೆ 2 ಚಮಚ, ಶುಂಠಿ, ಬೆಳ್ಳುಳ್ಳಿ, ಅರಿಶಿನ, ಕಾಳುಮೆಣಸಿನ ಪುಡಿ, ಉಪ್ಪು.

ತರಕಾರಿಯನ್ನು ಮೊದಲು ಹೆಚ್ಚಿಕೊಂಡು, ಅನಂತರವೇ ಮಾಂಸವನ್ನು ಸಣ್ಣ ತುಂಡುಗಳಾಗಿ ಕತ್ತರಿಸತಕ್ಕದ್ದು. ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಸಿಡಿಯುವ ಹನಿಗಳಿಂದ ರೋಗಾಣುಗಳು ಪಾತ್ರೆಗಳಿಗೆ ಹರಡುತ್ತವೆ. ಅರಿಶಿನ ಹಚ್ಚಿ ತೊಳೆದರೆ ಸಾಕೆಂಬ ರೂಢಿ ನಮ್ಮ ಮನೆಗಳಲ್ಲಿ ಬಲವಾಗಿದೆ. ಆದರೆ ಅರಿಶಿನ ಬೆಂಕಿಗೆ ಬದಲಿಯಲ್ಲ. ಚಾಕು, ಮಣೆ ಮತ್ತು ಕೈಗಳನ್ನು ಸೋಪಿನಿಂದ ತೊಳೆಯುವುದು ಕಡ್ಡಾಯ.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಮಾಂಸ, ಅರಿಶಿನ, ಉಪ್ಪು ಸೇರಿಸಿ 5 ನಿಮಿಷ ಹುರಿಯುವುದು. ಹುರುಳಿಕಾಯಿ, ಕ್ಯಾರೆಟ್ ಮತ್ತು ಅರ್ಧ ಲೋಟ ನೀರು ಹಾಕಿ, ಮುಚ್ಚಿ 12 ನಿಮಿಷ ಬೇಯಿಸುವುದು. ದೊಡ್ಡ ತುಂಡೊಂದನ್ನು ಸೀಳಿ ನೋಡಿ, ಒಳಗೆ ಕೆಂಪು ಉಳಿದಿದ್ದರೆ ಇನ್ನಷ್ಟು ಬೇಯಿಸಬೇಕು. ಕೊನೆಗೆ ದಪ್ಪ ಮೆಣಸಿನಕಾಯಿ, ಕಾಳುಮೆಣಸಿನ ಪುಡಿ ಬೆರೆಸಿ 3 ನಿಮಿಷ ಬಾಡಿಸಿ, ರಾಗಿಮುದ್ದೆ ಅಥವಾ ಚಪಾತಿಯೊಡನೆ ಬಡಿಸಬಹುದು. ಉಳಿದುದನ್ನು 2 ಗಂಟೆಯೊಳಗೆ ಫ್ರಿಜ್‌ನಲ್ಲಿರಿಸಿ, ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿಯೇ ಉಪಯೋಗಿಸತಕ್ಕದ್ದು.